ತೀರ್ಥ ಬೀಳುತ್ತಿದ್ದ ಜಾಗ

ಕಳೆದ ತಿಂಗಳು ನಾಗಮಂಗಲದ ನಮ್ಮ ಮನೆಯ ಬಚ್ಚಲಲ್ಲಿ ನೀರು ಕಟ್ಟಿಕೊಂಡು, ಪೈಪಿನವನು ಬಂದು ನೆಲ ಒಡೆದ. ಮೇಲಿನ ಟೈಲ್ಸು, ಅದರಡಿಯ ಸಿಮೆಂಟು ಎರಡನ್ನೂ ಕಿತ್ತು, ಮೂರು ನಾಲ್ಕು ಗುದ್ದಲಿ ಮಣ್ಣು ಎತ್ತಿ ಹಾಕುತ್ತಿದ್ದಂತೆ ಒಂದು ವಾಸನೆ ಬಂತು. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು. ಬಿಸಿಲು ಗಾಳಿ ಕಾಣದೆ ವರ್ಷಗಟ್ಟಲೆ ಮನೆಯ ಅಡಿಯಲ್ಲಿ ಮಲಗಿದ್ದ ಮಣ್ಣಿನ ವಾಸನೆ. ತಣ್ಣಗೆ, ಸ್ವಲ್ಪ ಸುಣ್ಣ ಬೆರೆತ ಹಾಗೆ. ಅವನಿಗೆಂದು ತಂದಿದ್ದ ಕಾಫಿ ಲೋಟ ಹಿಡಿದುಕೊಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎರಡು ಸಲ ಕರೆದನಂತೆ, ನನಗೆ ಕೇಳಿಸಲಿಲ್ಲ. ಆ ವಾಸನೆಯನ್ನು ನಾನು ಹಿಂದೆ ಒಂದೇ ಒಂದು ಸಲ ಮೂಸಿದ್ದೆ. ಶ್ರೀರಂಗಪಟ್ಟಣದ ಕಡೆ ನಾವಿದ್ದ ಬಾಡಿಗೆ ಮನೆಯ ನಡುಮನೆಯಲ್ಲಿ. ಆ ದಿನ ನನ್ನ ಪಕ್ಕದಲ್ಲಿ ಗಂಟೆಯಮ್ಮ ಮಂಡಿಯೂರಿ ಕೂತಿದ್ದರು...

ತೊಂಬತ್ತರ ದಶಕದ ನಡುವಿನ ಮಾತು. ನಾನು ದೇವಲಾಪುರದ ಕಡೆ ಹೊಲಮನೆಯಲ್ಲಿ ಬೆಳೆದವಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮೆಜಮಾನರಿಗೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ಶ್ರೀರಂಗಪಟ್ಟಣದ ಕಡೆಗೆ ಹಾಕಿದ್ದರು. ಬಾಬುರಾಯನಕೊಪ್ಪಲು, ಗಂಜಾಂ ಎಲ್ಲ ಕಡೆ ಮನೆ ಹುಡುಕಿ ಸಾಕಾಗಿದ್ದಾಗ ಹಸು ಹಿಡಿದುಕೊಂಡು ಬಂದ ರೈತರೊಬ್ಬರು ಹೇಳಿದರಂತೆ, ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ನಾಲೆ ಪಕ್ಕದ ಹಳೇ ಚರ್ಚನ್ನು ಮನೆಗಳಾಗಿ ಮಾಡಿದ್ದಾರೆ, ಬಾಡಿಗೆ ಕಡಿಮೆ, ಅರ್ಧಕ್ಕರ್ಧ ಖಾಲಿ ಇವೆ ಅಂತ. ಯಾಕೆ ಖಾಲಿ ಇವೆ ಅಂತ ನಮ್ಮೆಜಮಾನರು ಕೇಳಲಿಲ್ಲ. ಅವರ ಸ್ವಭಾವವೇ ಹಾಗೆ.

ಆ ಚರ್ಚು ಯಾರ ಕಾಲದ್ದು ಅಂತ ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಜ್ಜನ ಅಜ್ಜನ ಕಾಲದ್ದು ಅನ್ನುತ್ತಿದ್ದರು. ಕಲ್ಲು, ಗಾರೆಯ ಕಟ್ಟಡ. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿ ಕಟ್ಟೆಯ ಮೇಲೆ ಒಬ್ಬರು ಮೈಚಾಚಿ ಮಲಗಬಹುದಿತ್ತು. ಸುತ್ತಲಿನ ಕ್ರೈಸ್ತ ಕುಟುಂಬಗಳೆಲ್ಲ ಒಂದೊಂದಾಗಿ ದೊಡ್ಡ ರಸ್ತೆಯ ಕಡೆ ಹೋಗಿ ನೆಲೆಸಿದ ಮೇಲೆ ಅಲ್ಲೇ ಹೊಸ ಚರ್ಚು ಕಟ್ಟಿದರು. ಹಳೆಯದರಲ್ಲಿದ್ದ ಗಂಟೆ, ಮಾತೆ ಮರಿಯಮ್ಮನ ವಿಗ್ರಹ, ಬೆಂಚುಗಳು ಎಲ್ಲ ಅಲ್ಲಿಗೆ ಹೋದವು. ಕೊನೆಯದಾಗಿ ಒಂದು ಪೂಜೆ ಮಾಡಿ, ಇನ್ನು ಮೇಲೆ ಇದು ಬರೀ ಕಟ್ಟಡ ಅಂತ ಹೇಳಿ ಮಾರಿದರಂತೆ. ಕೊಂಡವರು ಕೆ.ಆರ್.ಪೇಟೆ ಕಡೆಯ ಅಕ್ಕಿ ಗಿರಣಿಯ ಮಾಲೀಕರು. ಆ ಗೋಡೆಗಳನ್ನು ಕೆಡವುವುದು ಆಗದ ಮಾತು ಅಂತ ತಿಳಿದು, ಅವರು ಎತ್ತರದ ಆ ಹಜಾರದ ಮಧ್ಯಕ್ಕೆ ಅಡ್ಡವಾಗಿ ಒಂದು ಅಂತಸ್ತು ಹಾಕಿ, ಇಟ್ಟಿಗೆ ಗೋಡೆ ಎಬ್ಬಿಸಿ, ಕೆಳಗೆ ಐದು, ಮೇಲೆ ಮೂರು, ಒಟ್ಟು ಎಂಟು ಮನೆ ಮಾಡಿದ್ದರು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಅಪಾರ್ಟ್‌ಮೆಂಟ್ಸ್ ಅಂತ ಬರೆಸಿದ್ದರು. ಆ ಪದವನ್ನು ನಾನು ಜೀವನದಲ್ಲಿ ಮೊದಲು ಓದಿದ್ದು ಅಲ್ಲೇ. ಸುತ್ತಲಿನ ಜನ ಮಾತ್ರ ಚರ್ಚ್ ವಠಾರ ಅನ್ನುತ್ತಿದ್ದರು.

ನಮ್ಮ ಮನೆ ಕೆಳಗಿನದು, ದೊಡ್ಡ ಬಾಗಿಲು ದಾಟಿದ ತಕ್ಷಣ ಬಲಕ್ಕೆ ಸಿಗುವುದು. ನಡುಮನೆಗೆ ಒಂದು ಬಣ್ಣದ ಗಾಜಿನ ಕಿಟಕಿ ಇತ್ತು. ಹೊಸ ಅಂತಸ್ತು ಅದನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿತ್ತು. ಅದರಲ್ಲಿ ಬರೆದಿದ್ದ ಸಂತರ ಪಾದಗಳು, ಅವರ ಪಕ್ಕದಲ್ಲಿ ಒರಗಿಸಿಟ್ಟ ಗರಗಸ ನಮ್ಮ ಪಾಲಿಗೆ ಬಂದಿದ್ದವು. ಮುಖ ಮೇಲ್ಮನೆಯವರ ಪಾಲಿಗೆ. ಮೇಲ್ಮನೆಯಲ್ಲಿದ್ದದ್ದು ಲಾರಿ ಡ್ರೈವರೊಬ್ಬರ ಸಂಸಾರ, ಸಾಬರು. ಆ ಮನೆಯ ಅಕ್ಕ ನಮಾಜಿನ ಹೊತ್ತಿಗೆ ಕಿಟಕಿಗೆ ಒಂದು ಹಸಿರು ಪರದೆ ಎಳೆದುಬಿಟ್ಟು, ಆಮೇಲೆ ಮರೆಯದೆ ಸರಿಸುತ್ತಿದ್ದರು. ಪಾಪ, ಅವರಿಗೂ ಗಾಳಿ ಬೆಳಕು ಬೇಕಲ್ವಾ ಅನ್ನುತ್ತಿದ್ದರು, ಸಂತರ ಕಡೆ ಕೈ ತೋರಿಸಿ.

ಗಂಟೆಯಮ್ಮನನ್ನು ನಾನು ಮೊದಲು ನೋಡಿದ್ದು ಏಣಿಯ ಮೇಲೆ. ನಾವು ಸಾಮಾನು ಇಳಿಸುತ್ತಿದ್ದ ದಿನ, ಅರವತ್ತು ದಾಟಿದ ಒಬ್ಬ ಹೆಂಗಸು ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹದಿನೈದಡಿ ಎತ್ತರದಲ್ಲಿ ನಿಂತು ಹೆಂಚಿನ ಮಳೆನೀರು ಹರಿಯುವ ದೋಣಿಯಿಂದ ಪಾರಿವಾಳದ ಗೂಡು ತೆಗೆಯುತ್ತಿದ್ದರು. ಮೊಟ್ಟೆ ಇದ್ದ ಗೂಡನ್ನು ಮಾತ್ರ ಮುಟ್ಟದೆ ಪಕ್ಕಕ್ಕೆ ಬಿಟ್ಟರು. ಇಳಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಮನೆಯ ಯಾವ ಗೋಡೆಗೆ ಮೊಳೆ ಹೊಡೆಯಬಹುದು, ಯಾವುದಕ್ಕೆ ಹೊಡೆದರೆ ಗಾರೆ ಉದುರುತ್ತದೆ, ನೀರು ಯಾವ ಹೊತ್ತಿಗೆ ಬರುತ್ತದೆ ಎಲ್ಲ ಒಂದೇ ಉಸಿರಿಗೆ ಹೇಳಿದರು. ನಾನು ಇವರೇ ಮನೆ ಮಾಲೀಕರ ತಾಯಿ ಇರಬೇಕು ಅಂದುಕೊಂಡೆ.

ಅವರ ಗಂಡ ಆ ಚರ್ಚಿನಲ್ಲಿ ಗಂಟೆ ಹೊಡೆಯುವವರಾಗಿದ್ದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಗಂಟೆ, ಮದುವೆಗೊಂದು, ಸಾವಿಗೊಂದು. ಗಂಡ ತೀರಿಕೊಂಡ ಮೇಲೆ ಆ ಹಗ್ಗವನ್ನು ಇವರೇ ಹಿಡಿದರು. ಅವರ ಅಂಗೈ ನೋಡಿದವರಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ಗಂಟೆ ಹೊಸ ಚರ್ಚಿಗೆ ಹೋದಾಗ ಇವರನ್ನೂ ಅಲ್ಲಿಗೆ ಬನ್ನಿ ಅಂದರಂತೆ, ವಾಸಕ್ಕೆ ಕೋಣೆ ಕೊಡುತ್ತೇವೆ ಅಂದರಂತೆ. ಇವರು ಒಪ್ಪಲಿಲ್ಲ. ಪೀಠದ ಹಿಂದೆ, ಸ್ವಾಮಿಗಳು ಅಂತ ಅವರು ಕರೆಯುತ್ತಿದ್ದ ಪಾದ್ರಿಗಳು ಪೂಜೆಯ ಬಟ್ಟೆ ಹಾಕಿಕೊಳ್ಳುತ್ತಿದ್ದ ಒಂದು ಚಿಕ್ಕ ಕೋಣೆ ಇತ್ತು. ಬದುಕಿರುವ ತನಕ ಅಲ್ಲಿ ಇರಲಿ ಅಂತ ಮಾರುವಾಗಲೇ ಮಾತಾಗಿತ್ತು. ಗಾಳಿ ಇಲ್ಲ, ಬೆಳಕಿಲ್ಲ, ಹಗಲೂ ಲೈಟು ಹಾಕಬೇಕು. ಅದನ್ನು ಬಿಟ್ಟು ಯಾಕೆ ಹೋಗಲಿಲ್ಲ ಅಂತ ನಾನೂ ಕೇಳಿದ್ದೆ. ಅಭ್ಯಾಸ ಕಣವ್ವಾ ಅಂದಿದ್ದರು.

ಎಂಟು ಮನೆಗೆ ಇದ್ದದ್ದು ಒಂದೇ ನಲ್ಲಿ. ಬೇರೆ ಕಡೆ ಆಗಿದ್ದರೆ ದಿನಾ ಜಗಳ ಆಗಬೇಕಿತ್ತು. ನಮ್ಮಲ್ಲಿ ಆಗುತ್ತಿರಲಿಲ್ಲ, ಯಾಕಂದರೆ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಗಂಟೆಯಮ್ಮ ಕೂತಿರುತ್ತಿದ್ದರು. ಯಾರ ಮನೆಯಲ್ಲಿ ನೆಂಟರಿದ್ದಾರೆ, ಯಾರಿಗೆ ಜ್ವರ, ಯಾರು ಬಸುರಿ, ಎಲ್ಲ ಅವರಿಗೆ ಗೊತ್ತಿತ್ತು. ಅದನ್ನು ನೋಡಿ ಸರದಿ ಹೇಳುತ್ತಿದ್ದರು. ತಮ್ಮ ಎರಡು ಬಿಂದಿಗೆ ಯಾವಾಗಲೂ ಕೊನೆಗೆ. ಮೇಲ್ಮನೆಯ ಚಿಕ್ಕ ಹುಡುಗಿಗೆ ಟೈಫಾಯ್ಡ್ ಬಂದಾಗ ಅದರ ಅಪ್ಪ ಲಾರಿ ತೆಗೆದುಕೊಂಡು ದೂರ ಹೋಗಿದ್ದರು. ಗಂಟೆಯಮ್ಮ ಆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತಿ, ಆಸ್ಪತ್ರೆಯಲ್ಲಿ ಅದರ ತಾಯಿಯ ಜೊತೆ ಒಂಬತ್ತು ದಿನ ನೆಲದ ಮೇಲೆ ಮಲಗಿದ್ದರು. ಕ್ರಿಸ್‌ಮಸ್‌ಗೆ ಎಂಟೂ ಮನೆಗೆ ಕಜ್ಜಾಯ ಮಾಡುತ್ತಿದ್ದರು. ನಾವು ಸಂಕ್ರಾಂತಿಗೆ ಕೊಟ್ಟ ಎಳ್ಳು ಬೆಲ್ಲವನ್ನು ಡಬ್ಬಿಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಒಂದೊಂದೇ ಚೂರು ತಿನ್ನುತ್ತಿದ್ದರು. ಯಾರ ಹತ್ತಿರವೂ ಏನನ್ನೂ ಕೇಳಿದ್ದು ನಾನು ನೋಡಿಲ್ಲ.

ನನಗೆ ಮೊದಮೊದಲು ಆ ಮನೆಯಲ್ಲಿ ಭಯವಾಗುತ್ತಿತ್ತು. ಅತ್ತೆ ಒಂದು ಸಲ ಬಂದವರು ಹೊಸ್ತಿಲು ದಾಟದೆ, ಹೆಣ ತಂದಿಡ್ತಿದ್ದ ಜಾಗ ಕಣವ್ವಾ ಇದು, ಒಳಗೆ ಯಾರ್ಯಾರನ್ನ ಮಣ್ಣು ಮಾಡವ್ರೋ ಏನೋ, ಅಂತ ಹೇಳಿ ಅದೇ ಬಸ್ಸಿಗೆ ವಾಪಸ್ಸು ಹೋಗಿದ್ದರು. ಯಜಮಾನರು ಕೆಲಸಕ್ಕೆ ಹೋದ ಮೇಲೆ ಆ ಮಾತು ಮನೆಯೊಳಗೆ ಓಡಾಡಲು ಶುರುಮಾಡುತ್ತಿತ್ತು. ನೆಲಕ್ಕೆ ಕೆಂಪು ಗಾರೆ ಹಾಕಿದ್ದರು. ಅದರ ಅಡಿಯಲ್ಲಿ ಏನಿದೆಯೋ ಅಂತ ನಾನು ಮೂಲೆ ಮೂಲೆ ಹಿಡಿದು ನಡೆಯುತ್ತಿದ್ದೆ. ಕೊನೆಗೆ ಒಂದು ದಿನ ತಡೆಯಲಾರದೆ ಗಂಟೆಯಮ್ಮನನ್ನೇ ಕೇಳಿದೆ. ಇಲ್ಲಿ ಯಾರನ್ನಾದರೂ ಹೂಳಿದ್ದಾರಾ ಅಂತ.

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು.

"ಇಲ್ಲ ಕಣವ್ವಾ. ನಮ್ಮ ಸಮಾಧಿ ಎಲ್ಲಾ ಅಲ್ಲೈತೆ, ನಾಲೆ ಆಚೆ. ನಿನ್ನ ನಡುಮನೆ ಐತಲ್ಲ, ಅಲ್ಲಿ ಕೂಸುಗಳಿಗೆ ಹೆಸ್ರು ಇಡೋರು. ಕಲ್ಲಿನ ತೊಟ್ಟಿ ಇತ್ತು, ಅದ್ರಿಂದ ತೀರ್ಥ ತಗಂಡು ತಲೆ ಮೇಲೆ ಉಯ್ಯೋರು. ಇಡೀ ಚರ್ಚಲ್ಲಿ ನಿನ್ದೇ ಒಳ್ಳೇ ಜಾಗ."

ಅಷ್ಟೇ ಮಾತು. ಅವತ್ತಿನಿಂದ ನನ್ನ ಭಯ ಹೋಯಿತು. ನಾನು ನಡುಮನೆಯ ಮಧ್ಯದಲ್ಲೇ ಕೂತು ಸೊಪ್ಪು ಬಿಡಿಸಲು ಶುರುಮಾಡಿದೆ. ಆ ಕಿಟಕಿಯ ಕೆಳಗೆ ಚಾಪೆ ಹಾಕಿಕೊಂಡು ಮಲಗಿದೆ. ಬಸುರಿಯಾದೆ. ಮಧ್ಯಾಹ್ನ ಊಟವಾದ ಮೇಲೆ ಗಂಟೆಯಮ್ಮ ಬರುತ್ತಿದ್ದರು. ಯಾವಾಗಲೂ ಒಂದೇ ಕಡೆ ಕೂರುತ್ತಿದ್ದರು, ಕಿಟಕಿಗೂ ಕಂಬಕ್ಕೂ ನಡುವೆ. ಕೂತು ಎಡಗೈಯನ್ನು ಅಗಲವಾಗಿ ನೆಲದ ಮೇಲೆ ಇಡುತ್ತಿದ್ದರು. ಕುರ್ಚಿ ಕೊಟ್ಟರೆ ಬೇಡ ಅನ್ನುತ್ತಿದ್ದರು. ನೆಲ ತಣ್ಣಗಿದೆ, ಅದಕ್ಕೇ ಅಂತ ನಾನು ಅಂದುಕೊಂಡಿದ್ದೆ.

ದೇವಲಾಪುರದ ತವರಲ್ಲಿ ಹೆರಿಗೆಯಾಗಿ, ಐದು ತಿಂಗಳ ಮಗಳನ್ನು ಎತ್ತಿಕೊಂಡು ವಾಪಸ್ಸು ಬಂದಾಗ ಗಂಟೆಯಮ್ಮ ನಡುಮನೆಯನ್ನು ಸಾರಿಸಿ, ಕಿಟಕಿಯ ಗಾಜನ್ನೆಲ್ಲ ಒರೆಸಿ ಇಟ್ಟಿದ್ದರು. ಆ ಸಂತರ ಪಾದಗಳು ಅಷ್ಟು ಹೊಳೆದಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತೊಟ್ಟಿಲನ್ನು ಅಲ್ಲೇ ಕಟ್ಟಿಸಿದೆವು. ಮಧ್ಯಾಹ್ನ ಮಗು ಮಲಗಿದರೆ ಅವರು ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತಾ, ಇನ್ನೊಂದು ಕೈ ನೆಲದ ಮೇಲೆ ಇಟ್ಟುಕೊಂಡು, ಏನೋ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ನಾನೂ ಒಂದು ನಿದ್ದೆ ತೆಗೆಯುತ್ತಿದ್ದೆ. ನನ್ನ ತಾಯಿ ಜೊತೆಗಿದ್ದಾಗಲೂ ಅಷ್ಟು ನಿಶ್ಚಿಂತೆಯ ನಿದ್ದೆ ನನಗೆ ಬಂದಿರಲಿಲ್ಲ...

ಆ ವರ್ಷ ಮೇಲಿನ ಮೂರು ಮನೆಗಳ ಬಚ್ಚಲ ನೀರು ಸರಿಯಾಗಿ ಹೋಗದೆ ಹಿಂದಿನ ಗೋಡೆ ಒದ್ದೆಯಾಗತೊಡಗಿತು. ಮಾಲೀಕರು ಒಬ್ಬ ಮೇಸ್ತ್ರಿಯನ್ನು ಕಳಿಸಿದರು. ಅವನು ಎಲ್ಲ ಕಡೆ ಅಳೆದು ನೋಡಿ, ಹೊಸ ಪೈಪು ಹಾಕಲು ನಮ್ಮ ನಡುಮನೆಯೇ ಹತ್ತಿರದ ದಾರಿ ಅಂದ. ಮೇಲಿಂದ ಇಳಿಸಿ, ನಮ್ಮ ನೆಲದಲ್ಲಿ ಮೂರಡಿ ಆಳ ಅಗೆದು, ನೇರವಾಗಿ ಹೊರಗಿನ ಚರಂಡಿಗೆ. ಎರಡು ದಿನದ ಕೆಲಸ, ಆಮೇಲೆ ಮೊದಲಿನ ಹಾಗೇ ಕೆಂಪು ಗಾರೆ ಮಾಡಿಕೊಡ್ತೀನಿ ಅಂತ ಹೇಳಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಪೈಪು ಬರುವುದಕ್ಕೆ ಒಂದು ವಾರ ಆಗುತ್ತದೆ ಅಂದು ಹೋದ. ಗೆರೆ ಕಿಟಕಿಗೂ ಕಂಬಕ್ಕೂ ನಡುವೆ ಹಾದುಹೋಗಿತ್ತು.

ಮಧ್ಯಾಹ್ನ ಗಂಟೆಯಮ್ಮ ಬಂದವರು ಬಾಗಿಲಲ್ಲೇ ನಿಂತರು. ಗೆರೆಯನ್ನೇ ನೋಡುತ್ತಾ ಯಾಕೆ ಅಂತ ಕೇಳಿದರು. ನಾನು ಮೇಸ್ತ್ರಿ ಹೇಳಿದ್ದನ್ನು ಹೇಳಿದೆ. ಅವರು ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ಎಡಗೈಯನ್ನು ನೆಲದ ಮೇಲೆ ಇಟ್ಟರು. ಮಗಳು ಪಕ್ಕದಲ್ಲೇ ನೆಲದ ಮೇಲೆ ಬೋರಲು ಬಿದ್ದು ಆಡುತ್ತಿದ್ದಳು. ಆಮೇಲೆ ತಮ್ಮ ಪಾಡಿಗೆ ತಾವು ಹೇಳಿಕೊಳ್ಳುವ ಹಾಗೆ ಶುರುಮಾಡಿದರು.

ಮದುವೆಯಾಗಿ ಏಳು ವರ್ಷಕ್ಕೆ ಅವರು ಬಸುರಿಯಾಗಿದ್ದರು. ದಿನ ತುಂಬಿ ಹುಟ್ಟಿದ ಗಂಡು ಮಗು ಉಸಿರಾಡಲಿಲ್ಲ. ಜೀವ ಇಲ್ಲದೆ ಹುಟ್ಟಿದ ಕೂಸಿಗೆ ತೀರ್ಥ ಹಾಕಿ ಹೆಸರಿಡುವಂತಿಲ್ಲ, ತೀರ್ಥ ಬೀಳದವರಿಗೆ ಸಮಾಧಿ ತೋಟದೊಳಗೆ ಜಾಗ ಇಲ್ಲ. ಆ ಕಾಲದ ನಿಯಮ ಹಾಗಿತ್ತಂತೆ. ಅವತ್ತಿನ ಸ್ವಾಮಿಗಳು ಕೆಟ್ಟವರಲ್ಲ ಅಂತ ಗಂಟೆಯಮ್ಮ ಎರಡು ಸಲ ಹೇಳಿದರು. ಬೇಲಿಯಾಚೆ ಮಣ್ಣು ಮಾಡು ಅಂದರಂತೆ. ಬೇಲಿಯಾಚೆ ಲಾಂಟಾನ ಪೊದೆ. ರಾತ್ರಿಯಾದರೆ ನರಿಗಳು ಬರುತ್ತಿದ್ದ ಜಾಗ. ಗಂಡ ಆಯಿತು ಅಂತ ತಲೆಯಾಡಿಸಿ ಕೂಸನ್ನು ಎತ್ತಿಕೊಂಡು ಹೋದರು. ಮಧ್ಯಾಹ್ನದ ಗಂಟೆ ಹೊಡೆದರು. ಸ್ವಾಮಿಗಳು ಊಟಕ್ಕೆ ಹೋದ ಮೇಲೆ ಚರ್ಚಿನ ಒಳಗೆ, ಆ ಕಲ್ಲಿನ ತೊಟ್ಟಿಯ ಬುಡದಲ್ಲಿದ್ದ ಒಂದು ಚಪ್ಪಡಿ ಎತ್ತಿ, ಸೋಪಿನ ಮರದ ಪೆಟ್ಟಿಗೆಯೊಂದರಲ್ಲಿ ಕೂಸನ್ನಿಟ್ಟು, ಅಲ್ಲೇ ಮಣ್ಣು ಮಾಡಿ ಮತ್ತೆ ಚಪ್ಪಡಿ ಮುಚ್ಚಿದರು.

"ಯಾಕಿಂಗ್ ಮಾಡುದ್ರಿ ಅಂತ ಕೇಳ್ದೆ. ಮಿಕ್ಕ ಮಕ್ಕಳಿಗೆ ಉಯ್ಯೋ ತೀರ್ಥ ನೆಲಕ್ಕೂ ಬೀಳ್ತದಲ್ಲ, ತೊಟ್ಟು ತೊಟ್ಟಾಗಿ ಇಳ್ದು ನಮ್ಮ ಮಗೀಗೂ ಮುಟ್ಲಿ ಬುಡು ಅಂದ್ರು."

ಅದಾಗಿ ನಲವತ್ತು ವರ್ಷ. ಗಂಡ ಇದ್ದಷ್ಟು ದಿನ ಆ ಊರಿನಲ್ಲಿ ಯಾವ ಮಗುವಿಗೆ ಹೆಸರಿಟ್ಟರೂ ಗಂಡ ಹೆಂಡತಿ ಇಬ್ಬರೂ ತೊಟ್ಟಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಸ್ವಾಮಿಗಳು ಧಾರಾಳವಾಗಿ ನೀರು ಹುಯ್ದ ದಿನ ಮನೆಗೆ ಬಂದು ಇಬ್ಬರೂ ಹೊಟ್ಟೆ ತುಂಬ ಊಟ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಗಂಟೆಯಮ್ಮನ ಮುಖದಲ್ಲಿ ಸಣ್ಣ ನಗು ಬಂತು. ಇಬ್ಬರೂ ಬೇರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಟೆ ಹೊಡೆಯುವವನು ಚರ್ಚಿಗೇ ಮೋಸ ಮಾಡಿದ ಅನ್ನುತ್ತಾರೆ ಅಂತ ಭಯ. ಆಮೇಲೆ ಇನ್ನು ಮಕ್ಕಳಾಗಲಿಲ್ಲ.

ನನಗೆ ಆಗ ಏನಾಯಿತು ಅಂತ ಬರೆಯಲೇಬೇಕು, ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಕರುಣೆ ಬರಲಿಲ್ಲ. ಮೊದಲು ಭಯ, ಅದರ ಹಿಂದೆಯೇ ಸಿಟ್ಟು. ನಾನು ಎದ್ದು ಮಗಳನ್ನು ನೆಲದಿಂದ ಎತ್ತಿಕೊಂಡೆ. ನೀವು ಇಲ್ಲ ಅಂದಿದ್ರಿ, ನನಗೆ ಸುಳ್ಳು ಹೇಳಿದ್ರಿ ಅಂದೆ.

ಗಂಟೆಯಮ್ಮ ಹೌದು ಅಂದರು. ನೀನು ಹೆದರಿಕೊಂಡು ಹೋಗಿಬಿಟ್ಟರೆ ಮುಂದೆ ಬರುವವರು ನನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ ಅಂತ ಸುಳ್ಳು ಹೇಳಿದೆ, ತಪ್ಪು ನನ್ನದೇ ಅಂದರು. ಸಮರ್ಥನೆ ಮಾಡಿಕೊಳ್ಳಲಿಲ್ಲ. ಏಳುವಾಗ ಕಂಬ ಹಿಡಿದುಕೊಂಡು ಒಂದೇ ಒಂದು ಕೇಳಿದರು.

"ಅಗೀಬೇಡಿ ಅಂತ ಏಳಾಕೆ ಬಂದಿಲ್ಲ ಕಣವ್ವಾ. ಅಗಿಯೋವಾಗ ನನ್ನ ಒಳೀಕೆ ಬುಡು. ಮಣ್ಣ ಆಚೆ ಸುರಿಯೋಕ್ಮುಂಚೆ ನಾನೊಂದ್ಸಲ ಕೈಯಾಡುಸ್ತೀನಿ."

ಆಯಿತು ಅಂದೆನೋ ಇಲ್ಲವೋ ನನಗೆ ನೆನಪಿಲ್ಲ. ಅವರು ಹೋದ ಮೇಲೆ ತೊಟ್ಟಿಲನ್ನು ಬಿಚ್ಚಿ ಅಡುಗೆಮನೆಗೆ ಸಾಗಿಸಿದೆ. ಚಾಪೆ, ಮಗುವಿನ ಬಟ್ಟೆ, ಗೊಂಬೆ ಎಲ್ಲವನ್ನೂ. ಯಜಮಾನರು ಬಂದು ಯಾಕೆ ಅಂದಾಗ ಧೂಳು ಬರುತ್ತೆ ಅಂದೆ. ಎರಡು ದಿನ ಆ ಜಾಗ ತುಳಿಯದೆ ಗೋಡೆ ಸವರಿಕೊಂಡು ಓಡಾಡಿದೆ. ಮಧ್ಯಾಹ್ನ ಗಂಟೆಯಮ್ಮ ಬರಲಿಲ್ಲ. ಬರದಿದ್ದರೆ ಸಾಕು ಅಂತಲೂ ಇತ್ತು, ಯಾಕೆ ಬರಲಿಲ್ಲ ಅಂತಲೂ ಇತ್ತು.

ಮೂರನೆಯ ದಿನ ಮೇಲ್ಮನೆಯ ಅಕ್ಕ ನನ್ನ ಮುಖ ನೋಡಿ ಏನಾಯ್ತು ಅಂತ ಒತ್ತಾಯ ಮಾಡಿ ಕೇಳಿದರು. ನನಗೆ ಒಬ್ಬಳೇ ಹೊರಲು ಆಗಲಿಲ್ಲ, ಹೇಳಿಬಿಟ್ಟೆ. ಅವರು ಕೇಳಿ ಮುಗಿಸುವ ಹೊತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಹಾಗೆ ಅವರು ಭಯಪಡಲಿಲ್ಲ. ತನ್ನ ಮಗಳನ್ನು ಹೊತ್ತುಕೊಂಡು ಬಸ್ಸು ಹತ್ತಿದ ಹೆಂಗಸಿನ ಮಗು ಅದು ಅನ್ನುವುದೊಂದೇ ಅವರ ತಲೆಯಲ್ಲಿದ್ದದ್ದು.

"ತೋಬಾ, ಅದರ ಮೇಲೆ ನಮ್ಮ ಬಚ್ಚಲ ನೀರು ಬಿಡೋದಾ? ನಮ್ಮ ಅಡುಗೆಮನೆ ಮೂಲೆಯಿಂದಾನೇ ಆಚೆ ಇಳಿಸ್ಲಿ, ಎಷ್ಟು ಜಾಗ ಬೇಕಾದ್ರೂ ತಗೊಳ್ಲಿ," ಅಂದರು.

ಸಂಜೆಯೇ ಅವರು ಮೇಸ್ತ್ರಿಯನ್ನು ಕರೆಸಿದರು. ಕಾರಣ ಹೇಳಲಿಲ್ಲ. ಕೆಳಗೆ ಚಿಕ್ಕ ಮಗು ಇದೆ, ನೆಲ ಅಗೆಯೋದು ಬೇಡ ಅಂತ ಮಾತ್ರ ಹೇಳಿ, ತಮ್ಮ ಪಾತ್ರೆಗಳ ಕಪಾಟು ಕೀಳಲು ಒಪ್ಪಿಕೊಂಡರು. ದಾರಿ ಸುತ್ತಾಗುತ್ತೆ, ನೋಡೋಕೆ ಚೆನ್ನಾಗಿರಲ್ಲ ಅಂತ ಅವನು ಗೊಣಗಿದ. ಮಾಲೀಕರು ಮಾತ್ರ, ನೀರು ಹೋದರೆ ಸರಿ, ಎಲ್ಲಿಂದಾದರೂ ಹೋಗಲಿ ಅಂದರು. ನಾನು ಓಡಿಹೋಗಿ ಗಂಟೆಯಮ್ಮನಿಗೆ ಹೇಳಿದೆ. ಇನ್ನು ಅಗೆಯುವುದಿಲ್ಲ, ಪೈಪು ಹೊರಗಿನಿಂದ ಹೋಗುತ್ತೆ ಅಂತ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ನನಗೆ ಎಲ್ಲ ಸರಿಹೋಯಿತು ಅನ್ನಿಸಿತು. ನಾನೇ ಸರಿಮಾಡಿದೆ ಅಂತ ಒಂದು ಹೆಮ್ಮೆ ಕೂಡ.

ಮಾರನೆಯ ದಿನ ಮಧ್ಯಾಹ್ನ ಅವರು ಎಂದಿನಂತೆ ಬಂದರು. ಒಂದು ಹೆಜ್ಜೆ ಒಳಗಿಟ್ಟು ನಿಂತರು. ಕಿಟಕಿಯ ಕೆಳಗೆ ತೊಟ್ಟಿಲಿರಲಿಲ್ಲ. ಚಾಪೆಯೂ ಇರಲಿಲ್ಲ. ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಪಕ್ಕದ ಸೆಕೆಯಲ್ಲಿ ಮಗಳು ಬೆವರುತ್ತಾ ಮಲಗಿದ್ದಳು. ಗಂಟೆಯಮ್ಮ ಆ ಕಡೆ ನೋಡಿದರು, ಖಾಲಿ ನೆಲದ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. ನಾನು ಒಲೆಯ ಮುಂದೆ ಏನೋ ಕೆಲಸ ಇರುವವಳ ಹಾಗೆ ಬೆನ್ನು ತಿರುಗಿಸಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಅವರಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಒಗೆದ ಸೀರೆ ಉಟ್ಟು, ನಾಲೆ ಏರಿಯ ಮೇಲೆ ನಡೆದುಕೊಂಡು ಹೊಸ ಚರ್ಚಿಗೆ ಹೋದರು. ಅಲ್ಲಿಯ ಸ್ವಾಮಿಗಳು ನನ್ನ ಅಣ್ಣನ ವಯಸ್ಸಿನವರು. ಅವರೆದುರು ಮಂಡಿಯೂರಿ, ನಲವತ್ತು ವರ್ಷ ಚರ್ಚಿನ ಯಾರಿಗೂ ಹೇಳದಿದ್ದನ್ನು, ಗಂಡನ ಹೆಸರಿಗೆ ಮಸಿ ಬಿದ್ದರೂ ಬೀಳಲಿ ಅಂತ, ಎಲ್ಲ ಹೇಳಿದರಂತೆ. ನನ್ನ ಕೂಸನ್ನು ಅಲ್ಲಿಂದ ಎತ್ತಿಸಿಕೊಡಿ, ಅದು ಇನ್ನೊಬ್ಬರ ಮನೆಯಾಗಿದೆ, ಅವರೂ ಮಗು ಇಟ್ಟುಕೊಂಡಿದ್ದಾರೆ ಅಂತ ಕೇಳಿದರಂತೆ. ಇದನ್ನು ನಮಗೆ ಆ ಸ್ವಾಮಿಗಳೇ ಹೇಳಿದ್ದು, ಗಂಟೆಯಮ್ಮನ ಅಪ್ಪಣೆ ಪಡೆದು. ಅವತ್ತೇ ಮೊಪೆಡ್ಡಿನಲ್ಲಿ ಗಂಟೆಯಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದರು. ಅವರು ನಮ್ಮ ನಡುಮನೆಯಲ್ಲಿ ನಿಂತು, ಆ ನಿಯಮ ಮಾಡಿದವರು, ಅದನ್ನು ಪಾಲಿಸಿದವರು ಯಾರೂ ಈಗ ಇಲ್ಲ, ಅವರೆಲ್ಲರ ಪರವಾಗಿ ನಾನು ಕ್ಷಮೆ ಕೇಳಿದ್ದೇನೆ ಅಂದರು. ಗಂಟೆಯಮ್ಮ, ಅಯ್ಯೋ ನೀವ್ಯಾಕೆ ಸ್ವಾಮಿ ಅಂತ ಮುಖ ತಿರುಗಿಸಿಕೊಂಡರು.

ಯಜಮಾನರಿಗೆ ಆಗ ಎಲ್ಲ ಹೇಳಲೇಬೇಕಾಯಿತು. ಅವರು ಎದ್ದು ಹೋಗಿ ಉಳಿ, ಹಾರೆ ಹುಡುಕಿ ತಂದಿಟ್ಟರು. ಆಮೇಲೆ ಕೂಲಿಯವರು ಬ್ಯಾಡ, ನಾನೇ ತೆಗೀತೀನಿ ಅಂದರು.

ಭಾನುವಾರ ಮಧ್ಯಾಹ್ನ. ಬಾಗಿಲು ಮುಂದಕ್ಕೆ ಹಾಕಿ, ಯಜಮಾನರು ಉಳಿಯಿಂದ ಕೆಂಪು ಗಾರೆಯನ್ನು ಬಿಡಿಸಿದರು. ಅದರಡಿಯಲ್ಲಿ ಹಳೆಯ ಚಪ್ಪಡಿ, ತೊಟ್ಟಿಯ ಕಾಲು ಊರಿದ್ದ ಗುಂಡನೆಯ ಗುರುತು ಇನ್ನೂ ಇತ್ತು. ಚಪ್ಪಡಿಯನ್ನು ಹಾರೆಯಿಂದ ಮೀಟಿದಾಗ ಆ ವಾಸನೆ ಬಂತು. ಅಲ್ಲಿಂದ ಮುಂದೆ ಗಂಟೆಯಮ್ಮ ಯಾರನ್ನೂ ಮುಟ್ಟಗೊಡಲಿಲ್ಲ. ಮಂಡಿಯೂರಿ ಕೂತು ಬರಿಗೈಯಲ್ಲಿ ಮಣ್ಣನ್ನು ಸರಿಸುತ್ತಾ ಹೋದರು. ಸಿಕ್ಕಿದ್ದು ತುಕ್ಕು ಹಿಡಿದ ಆರು ಸಣ್ಣ ಮೊಳೆ, ಆ ಸೋಪಿನ ಪೆಟ್ಟಿಗೆಯವು. ಮತ್ತೆ ಒಂದು ಮೊರದ ಅಗಲದಷ್ಟು ಜಾಗದಲ್ಲಿ ಮಿಕ್ಕದ್ದಕ್ಕಿಂತ ಕಪ್ಪಗಿದ್ದ ಮಣ್ಣು. ಬೇರೇನೂ ಉಳಿದಿರಲಿಲ್ಲ. ಅವರು ಆ ಮಣ್ಣನ್ನು ಮುಷ್ಟಿ ಮುಷ್ಟಿಯಾಗಿ ಹೊಸ ಮಡಕೆಗೆ ತುಂಬಿದರು. ನಾನು ಪಕ್ಕದಲ್ಲಿ ಮಡಕೆ ಹಿಡಿದುಕೊಂಡಿದ್ದೆ. ಯಜಮಾನರು ಹಳ್ಳ ಮುಚ್ಚಿ ಚಪ್ಪಡಿಯನ್ನು ಮತ್ತೆ ಕೂರಿಸಿದರು.

ಸ್ವಾಮಿಗಳು ಪ್ರಾರ್ಥನೆ ಶುರುಮಾಡುವ ಮುಂಚೆ ಮಗುವಿನ ಹೆಸರೇನಮ್ಮಾ ಅಂತ ಕೇಳಿದರು. ಹೆಸರಿಡಲಿಲ್ಲವಲ್ಲ ಅಂತ ನಾನು ಅಂದುಕೊಳ್ಳುತ್ತಿದ್ದೆ. ಗಂಟೆಯಮ್ಮ ತಕ್ಷಣ ಒಂದು ಹೆಸರು ಹೇಳಿದರು. ದಿನಾ ಕರೆಯುತ್ತಿದ್ದ ಹೆಸರನ್ನು ಹೇಳುವ ಹಾಗೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದು.

ನಾಲೆಯಾಚೆಯ ಸಮಾಧಿ ತೋಟದಲ್ಲಿ, ಗಂಡನ ಪಕ್ಕದಲ್ಲಿ ಮಡಕೆಯನ್ನು ಮಣ್ಣು ಮಾಡಿದೆವು. ಮೇಲ್ಮನೆಯ ಅಕ್ಕ ನನ್ನ ಮಗಳನ್ನು ಎತ್ತಿಕೊಂಡು ಗೇಟಿನ ಹೊರಗೆ ನಿಂತಿದ್ದರು. ಮುಗಿದ ಮೇಲೆ ಸ್ವಾಮಿಗಳು ನಮ್ಮೆಲ್ಲರನ್ನೂ ಹೊಸ ಚರ್ಚಿಗೆ ಕರೆದುಕೊಂಡು ಹೋಗಿ, ಗಂಟೆಯ ಹಗ್ಗವನ್ನು ಗಂಟೆಯಮ್ಮನ ಕೈಗೆ ಕೊಟ್ಟರು. ಗಂಟೆ ಅಲ್ಲಿಗೆ ಹೋದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲವಂತೆ. ದೊಡ್ಡವರು ಸತ್ತರೆ ನಿಧಾನಕ್ಕೆ, ಬಿಟ್ಟು ಬಿಟ್ಟು ಹೊಡೆಯುತ್ತಾರೆ. ಚಿಕ್ಕ ಮಕ್ಕಳಿಗೆ ಹಾಗಲ್ಲ, ಸಣ್ಣಗೆ, ಬೇಗ ಬೇಗ, ಮಗು ಓಡಿಬಂದ ಹಾಗೆ ಹೊಡೆಯಬೇಕು. ಅವರು ಹಾಗೇ ಹೊಡೆದರು. ಆ ತೆಳ್ಳನೆಯ ತೋಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ದಾರಿಯಲ್ಲಿ ಕಬ್ಬಿನ ಗಾಡಿ ಹೊಡೆಯುತ್ತಿದ್ದವನೊಬ್ಬ ಗಾಡಿ ನಿಲ್ಲಿಸಿ, ತಲೆಯ ಟವೆಲ್ಲು ತೆಗೆದು ನಿಂತ. ಯಾರ ಮಗುವೋ ಏನೋ ಅಂದುಕೊಂಡಿರಬೇಕು...

ಮಾರನೆಯ ದಿನ ಮಧ್ಯಾಹ್ನ ಗಂಟೆಯಮ್ಮ ಮನೆಗೆ ಬಂದರು. ನೇರವಾಗಿ ಅಡುಗೆಮನೆಗೆ ಹೋಗಿ, ತೊಟ್ಟಿಲನ್ನು ತಾವೇ ಬಿಚ್ಚಿ ತಂದು ಕಿಟಕಿಯ ಕೆಳಗೆ ಕಟ್ಟಿದರು.

"ಇನ್ನೇನೂ ಇಲ್ಲ ಕಣವ್ವಾ ಇಲ್ಲಿ. ಮಗು ಸೆಕೇಲಿ ಬೇಯ್ತಾ ಐತೆ, ಇಲ್ಲೇ ಮಲಗ್ಸು."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೂ ಮೂರು ವರ್ಷ ನಾವು ಆ ಮನೆಯಲ್ಲಿದ್ದೆವು. ಗಂಟೆಯಮ್ಮ ದಿನಾ ಬರುತ್ತಿದ್ದರು, ಆದರೆ ಕುರ್ಚಿಯ ಮೇಲೆ ಕೂರುತ್ತಿದ್ದರು. ನನ್ನ ಮಗಳಿಗೆ ನಡಿಗೆ ಕಲಿಸಿದ್ದು ಅವರೇ. ಹೊಸ ಚರ್ಚಿನಲ್ಲಿ ಕೋಣೆ ಇದೆ, ಇನ್ನಾದರೂ ಬನ್ನಿ ಅಂತ ಸ್ವಾಮಿಗಳು ಎಷ್ಟು ಸಲ ಕರೆದರೂ ಹೋಗಲಿಲ್ಲ. ನಲ್ಲಿ ಹತ್ತಿರ ಜಗಳ ಆಡ್ತಾರೆ ಅನ್ನುತ್ತಿದ್ದರು. ಆಮೇಲೆ ಯಜಮಾನರಿಗೆ ನಾಗಮಂಗಲಕ್ಕೆ ವರ್ಗವಾಯಿತು. ಹೊರಡುವ ದಿನ ಅವರು ಅದೇ ಏಣಿಯ ಮೇಲಿದ್ದರು. ಇಳಿದು ಬಂದು ಮಗಳ ಹಣೆಗೆ ಹೆಬ್ಬೆರಳಿನಲ್ಲಿ ಶಿಲುಬೆಯ ಗುರುತು ಹಾಕಿದರು. ಎರಡು ವರ್ಷವಾದ ಮೇಲೆ ಮೇಲ್ಮನೆಯ ಅಕ್ಕ ಯಾರ ಕೈಯಲ್ಲೋ ಹೇಳಿ ಕಳಿಸಿದ್ದರು, ಗಂಟೆಯಮ್ಮ ಹೋಗಿ ಎಂಟು ದಿನವಾಯ್ತು ಅಂತ. ನನಗೆ ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹೋದ ಭಾನುವಾರ ಮಗಳನ್ನು ಜೊತೆ ಮಾಡಿಕೊಂಡು ಆ ವಠಾರಕ್ಕೆ ಹೋಗಿದ್ದೆ. ಕಟ್ಟಡ ಹಾಗೇ ಇದೆ. ಮಾಲೀಕರು ಬದಲಾಗಿದ್ದಾರೆ. ನಮ್ಮ ಕಿಟಕಿಗೆ ಅಲ್ಯೂಮಿನಿಯಂ ಚೌಕಟ್ಟು ಬಂದಿದೆ, ಒಳಗೆ ಯಾರದೋ ಟೀವಿ ಓಡುತ್ತಿತ್ತು. ಒಳಗೆ ಹೋಗಲು ಮನಸ್ಸಾಗಲಿಲ್ಲ. ನಾಲೆ ದಾಟಿ ಸಮಾಧಿ ತೋಟಕ್ಕೆ ಹೋದೆವು. ಗಂಡನದೊಂದು, ಗಂಟೆಯಮ್ಮನದೊಂದು, ಮಧ್ಯದಲ್ಲಿ ಒಂದು ಪುಟ್ಟದು, ಹೆಸರಿನ ಸಮೇತ. ಮಗಳು ಅದನ್ನು ಓದಿ ಯಾರಿದು ಅಂದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಇಲ್ಲಿ ಬರೆದಿದ್ದಷ್ಟನ್ನೂ ಅವಳಿಗೆ ಹೇಳಿದೆ. ಅವಳಿಗೂ ಈಗ ನಾಲ್ಕು ವರ್ಷದ ಮಗನಿದ್ದಾನೆ. ಎಲ್ಲ ಕೇಳಿ, ಪೈಪು ಹೇಗಿದ್ದರೂ ಹೊರಗಿನಿಂದ ಹೋಗಿತ್ತಲ್ಲ, ಇಲ್ಲೇ ಇರಲಿ ಬಿಡಿ ಅಂತ ನೀನು ಯಾಕಮ್ಮ ಹೇಳಲಿಲ್ಲ ಅಂತ ಕೇಳಿದಳು.

ಹೆದರಿದ್ದೆ ಕಣೇ ಅಂದೆ. ಅಷ್ಟೇ ನಿಜ, ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ತೊಟ್ಟಿಲಿಲ್ಲದ್ದನ್ನು ನೋಡಿ ಅವತ್ತು ಬಾಗಿಲಲ್ಲಿ ಅವರು ಎಷ್ಟೋ ಹೊತ್ತು ನಿಂತಿದ್ದರು. ಇರಲಿ ಬಿಡಿ ಅನ್ನುವ ಎರಡು ಮಾತಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಮೂರು ವರ್ಷ ದಿನಾ ಎದುರಿಗೇ ಕೂರುತ್ತಿದ್ದರು, ಆಗಲಾದರೂ, ನಾನು ಅವತ್ತು ಹೆದರಿದ್ದೆ, ತಪ್ಪಾಯಿತು ಅಂತ ಹೇಳಬಹುದಿತ್ತು. ಹೇಳಿದ್ದರೆ, ಓಗ್ಲಿ ಬುಡು ಮಗಾ ಅಂತ ನಕ್ಕು, ಇನ್ನೇನೋ ಮಾತು ತೆಗೆಯುತ್ತಿದ್ದರು, ನನಗೆ ಗೊತ್ತು. ನಾನು ಹೇಳಲಿಲ್ಲ. ಭಾನುವಾರ ಆ ಕಲ್ಲಿನ ಮುಂದೆ ನಿಂತು ಗಟ್ಟಿಯಾಗಿಯೇ ಹೇಳಿದೆ. ಕೇಳಿಸಿಕೊಂಡವಳು ನನ್ನ ಮಗಳೊಬ್ಬಳೇ.